ಫಿಟ್ಸ್ ನಿಂತಿತು, ಮುಂದೇನು?

ನಿಮ್ಹಾನ್ಸ್‌ನ ಮಿದುಳು ಮ್ಯೂಸಿಯಂನಲ್ಲಿ ನಿಜವಾದ ಮಿದುಳನ್ನೇ ಅಂಗೈ ಮೇಲಿಡುತ್ತಾರೆ. ಯಲಹಂಕದಿಂದ ಬಸ್ ಬದಲಿಸುತ್ತಾ, ಹೆಬ್ಬಾಳದ ಟ್ರಾಫಿಕ್ಕಿಗೆ ಶಾಪ ಹಾಕುತ್ತಾ ಹೋದದ್ದು ಸಾರ್ಥಕ ಅನ್ನಿಸಿದ್ದು ಆಗಲೇ. ತಣ್ಣಗಿದೆ, ಎಣಿಸಿದ್ದಕ್ಕಿಂತ ಭಾರ. ಪಕ್ಕದ ಗಾಜಿನ ಜಾಡಿಯಲ್ಲಿ ಗೆಡ್ಡೆ ಬೆಳೆದ ಮಿದುಳು. ತಲೆಬುರುಡೆ ಹಿಗ್ಗುವುದಿಲ್ಲ, ಗೆಡ್ಡೆ ಬೆಳೆದಷ್ಟೂ ಮಿದುಳೇ ಸರಿದು ಜಾಗ ಕೊಡಬೇಕು. ಬೆಳಗಿನ ತಲೆನೋವು, ವಾಂತಿ, ಮಂಜಾಗುವ ದೃಷ್ಟಿ ಯಾಕೆಂದು ಆ ಜಾಡಿ ನೋಡಿದರೆ ಸಾಕು. ಗೆಡ್ಡೆಯ ಸುತ್ತಲಿನ ನರಕೋಶ ಕೆರಳಿದರೆ ಫಿಟ್ಸ್.

ಫಿಟ್ಸ್ ಎಂದರೆ ನಮ್ಮಲ್ಲಿ ಬೀಗದ ಕೈ. ಯಶವಂತಪುರ ಬಸ್ ನಿಲ್ದಾಣದಲ್ಲಿ ಯಾರಾದರೂ ಬಿದ್ದು ಒದ್ದಾಡಲಿ, 'ಕಬ್ಬಿಣ ಕೊಡ್ರೀ, ಕಬ್ಬಿಣ!' ಎಂದು ಕೂಗುವವರು ತಪ್ಪುವುದಿಲ್ಲ. ಯಾರದೋ ಸ್ಕೂಟರ್ ಕೀ ಮುಷ್ಟಿಗೆ ತುರುಕುತ್ತಾರೆ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ, ಕೀರ್ತಿ ಮಾತ್ರ ಕೀಗೆ. ಈಗಿನ ಕೀ ಅರ್ಧ ಪ್ಲಾಸ್ಟಿಕ್. ಕಬ್ಬಿಣದ ಮಹಿಮೆ ನಿಜವಾದರೆ ಫಿಟ್ಸ್ ಅರ್ಧವೇ ನಿಲ್ಲಬೇಕಿತ್ತು! ಕಬ್ಬಿಣದಿಂದ ಗುಣವಿಲ್ಲ, ದೋಷ ಉಂಟು: ನಿಂತಿತಲ್ಲ ಎಂದು ಬಟ್ಟೆ ಕೊಡವಿಕೊಂಡು ಮನೆಗೆ ಹೋದವರು ಸ್ಕ್ಯಾನ್ ಮಾಡಿಸುವುದೇ ಇಲ್ಲ.

ಫಿಟ್ಸ್ ಹಿಂದೆ ಏನಿರಬಹುದು ಎಂಬುದಕ್ಕೆ ಒಂದು ಉದಾಹರಣೆ. 2017ರ ಮೇ 24ರಂದು ಲಂಡನ್ನಿನಲ್ಲಿ ಟ್ಯಾಕ್ಸಿ ಹತ್ತಿದ ಟೆಸಾ ಜೋವೆಲ್ ಅವರಿಗೆ ಮಾತೇ ಹೊರಡಲಿಲ್ಲ. ಆಮೇಲೆ ಎರಡು ಸಲ ಜೋರು ಫಿಟ್ಸ್. 2012ರ ಒಲಿಂಪಿಕ್ಸನ್ನು ಲಂಡನ್ನಿಗೆ ತರಲು ದುಡಿದ ಮಾಜಿ ಸಚಿವೆ ಈಕೆ. ಎರಡೇ ದಿನದಲ್ಲಿ ಗ್ಲಯೊಬ್ಲಾಸ್ಟೊಮಾ ಎಂದು ಗೊತ್ತಾಯಿತು, ಮಿದುಳಿನ ಗೆಡ್ಡೆಗಳಲ್ಲೇ ಅತಿ ಕ್ರೂರವಾದದ್ದು. 2018ರ ಜನವರಿ 25ರಂದು ಹೌಸ್ ಆಫ್ ಲಾರ್ಡ್ಸ್‌ನಲ್ಲಿ ತಮ್ಮ ಕಾಯಿಲೆಯನ್ನೇ ಮುಂದಿಟ್ಟು ಎಲ್ಲ ರೋಗಿಗಳ ಪರವಾಗಿ ಮಾತಾಡಿದರು. ಚಪ್ಪಾಳೆಯ ರೂಢಿಯೇ ಇಲ್ಲದ ಸದನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೇ 12ರಂದು ತೀರಿಕೊಂಡರು. ಮರುದಿನವೇ ಬ್ರಿಟಿಷ್ ಸರ್ಕಾರ ಮಿದುಳು ಗೆಡ್ಡೆ ಸಂಶೋಧನೆಯ ಹಣವನ್ನು 2 ಕೋಟಿಯಿಂದ 4 ಕೋಟಿ ಪೌಂಡಿಗೆ ಏರಿಸಿತು.

ಜೂನ್ 8 ವಿಶ್ವ ಮಿದುಳು ಗೆಡ್ಡೆ ದಿನ. 2000ದಲ್ಲಿ ಜರ್ಮನಿಯ ಸಂಘವೊಂದು ಶುರುಮಾಡಿದ್ದು. ರಿಬ್ಬನ್ನು, ಟೀಶರ್ಟು, ವಾಕಥಾನ್‌ಗಳ ಬಗ್ಗೆ ನನಗೆ ಅಷ್ಟೇನೂ ಭಕ್ತಿಯಿಲ್ಲ. ಈ ಗೆಡ್ಡೆಗೆ ಎಲ್ಲರಿಗೂ ಮಾಡಿಸುವಂಥ ಮುಂಜಾಗ್ರತಾ ಪರೀಕ್ಷೆಯೇ ಇಲ್ಲ. ಹಾಗಿರುವಾಗ ಜಾಗೃತಿ ಎಂದರೆ ಲಕ್ಷಣ ಗುರುತಿಸುವುದು, ಅಷ್ಟೇ. ಅದನ್ನು ಅನುಭವಿಸಿದವರು ಹೇಳಿದರೆ ತಟ್ಟುವಷ್ಟು ಪೋಸ್ಟರ್ ತಟ್ಟದು. ಆರ್.ಟಿ. ನಗರದ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಮುಗಿಸಿ ಹರಟುವವರ ನಡುವೆ ಅಂಥ ಒಬ್ಬರು ಬಾಯಿಬಿಟ್ಟರೆ ಸಾಕು.

ಫಿಟ್ಸ್ ಎಲ್ಲವೂ ಗೆಡ್ಡೆಯಲ್ಲ. ಆದರೆ ವಯಸ್ಕರಿಗೆ ಮೊದಲ ಸಲ ಬಂದರೆ ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108. ಬೇಗ ನಿಂತರೂ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.