ಬೆಳ್ಳಿಯ ಬಿಲ್ಲೆಯ ವೈಮಾನಿಕರು

ನಡುಹಗಲಿನ ಹೊತ್ತಿನಲ್ಲಿ ಹದ್ದೊಂದು ರೆಕ್ಕೆಯನ್ನು ಬಡಿಯದೆ, ಸುತ್ತುತ್ತ ಸುತ್ತುತ್ತ ಮುಗಿಲಿನವರೆಗೂ ಏರಿಹೋಗುವುದನ್ನು ನೋಡದವರು ನಮ್ಮಲ್ಲಿ ವಿರಳ. ಅದನ್ನು ಮೇಲಕ್ಕೆತ್ತುವ ಬಲವು ಅದರ ರೆಕ್ಕೆಯದಲ್ಲ, ಗಾಳಿಯದು. ಬಿಸಿಲಿಗೆ ಕಾದ ಉತ್ತ ಹೊಲಗಳಿಂದಲೂ ಬಂಡೆಗಳಿಂದಲೂ ಬಿಸಿಗಾಳಿಯು ಕಂಬದಂತೆ ಮೇಲೇಳುವುದು. ಹದ್ದು ಆ ಕಂಬವನ್ನು ಕಂಡುಕೊಂಡು ಅದರೊಳಗೇ ಸುತ್ತುವುದು. ಈ ವಿದ್ಯೆಯನ್ನು ಮನುಷ್ಯನೂ ಕಲಿತಿದ್ದಾನೆ. ಎಂಜಿನಿಲ್ಲದ ಗ್ಲೈಡರಿನಲ್ಲಿ ಕುಳಿತು, ಗಾಳಿಯೊಂದನ್ನೇ ನಂಬಿ, ನೂರಾರು ಕಿಲೋಮೀಟರು ದೂರ ಹೋಗಿಬರುವವರು ಇಂದು ಅನೇಕ ದೇಶಗಳಲ್ಲಿದ್ದಾರೆ.

ಇವರಲ್ಲಿ ಬಹುಮಂದಿ ಸಂಬಳಕ್ಕಾಗಿ ಹಾರುವವರಲ್ಲ. ವಾರವೆಲ್ಲ ಅಂಗಡಿಯಲ್ಲಿಯೋ ಕಚೇರಿಯಲ್ಲಿಯೋ ದುಡಿದು, ರಜೆಯ ದಿನ ಸಂಘದ ಮೈದಾನಕ್ಕೆ ಬರುವವರು. ಒಬ್ಬನು ಹಾರಬೇಕಾದರೆ ಹಲವರು ನೆಲದ ಮೇಲೆ ಕೆಲಸಮಾಡಬೇಕು. ಒಬ್ಬನು ರೆಕ್ಕೆಯ ತುದಿಯನ್ನು ಹಿಡಿದು ಓಡುವನು, ಇನ್ನೊಬ್ಬನು ಎಳೆಯುವ ಹಗ್ಗವನ್ನು ನೋಡಿಕೊಳ್ಳುವನು, ಮತ್ತೊಬ್ಬನು ಕಾಲವನ್ನು ಬರೆಯುವನು. ಪಾಠ ಹೇಳುವ ಗುರುಗಳೂ ಅನೇಕ ಸಂಘಗಳಲ್ಲಿ ಸ್ವಯಂಸೇವಕರೇ. ಇಷ್ಟು ಶ್ರಮಕ್ಕೆ ದೊರೆಯುವ ಪ್ರತಿಫಲವಾದರೋ, ಅಂಗಿಗೆ ಚುಚ್ಚಿಕೊಳ್ಳುವ ಒಂದು ಸಣ್ಣ ಬಿಲ್ಲೆ. ಅದನ್ನು ಪಡೆಯುವ ಬಗೆ ಹೇಗೆಂಬುದನ್ನು ಇಲ್ಲಿ ವಾಚಕರಿಗೆ ತಿಳಿಸುವೆವು.

ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ 1919ರ ವರ್ಸೈಲ್ಸ್ ಒಪ್ಪಂದವು ವಿಮಾನಗಳ ವಿಷಯದಲ್ಲಿ ಕಠಿಣವಾದ ಕಟ್ಟುಗಳನ್ನು ಹಾಕಿತು. ಹಾರುವ ಆಸೆಯುಳ್ಳ ತರುಣರು ಎಂಜಿನಿಲ್ಲದೆಯೇ ಹಾರಲು ಹೊರಟರು. 1920ರಲ್ಲಿ ಓಸ್ಕರ್ ಉರ್ಸಿನಸ್ ಎಂಬವರು ಅವರನ್ನು ವಾಸರ್‌ಕುಪ್ಪೆ ಎಂಬ ಬೋಳುಬೆಟ್ಟದ ಮೇಲೆ ಕೂಡಿಸಿ ಸ್ಪರ್ಧೆಯನ್ನು ನಡೆಸಿದರು. ಎರಡೇ ವರ್ಷಗಳಲ್ಲಿ, 1922ರ ಆಗಸ್ಟ್ ತಿಂಗಳಲ್ಲಿ, ಆರ್ಥರ್ ಮಾರ್ಟೆನ್ಸ್ ಎಂಬಾತನು ಅದೇ ಬೆಟ್ಟದಲ್ಲಿ ಒಂದು ಗಂಟೆಗೂ ಮಿಕ್ಕಿ ಗಾಳಿಯಲ್ಲಿ ನಿಂತನು. ಕಲಿಯುವವರ ಯೋಗ್ಯತೆಯನ್ನು ಗುರುತಿಸಲು ನೀಲಿಯ ನೆಲದ ಮೇಲೆ ಬಿಳಿಯ ಕಡಲಹಕ್ಕಿಯ ಚಿಹ್ನೆಯುಳ್ಳ ಬಿಲ್ಲೆಗಳು ಹುಟ್ಟಿದವು: ಮೊದಲ ತರಗತಿಗೆ ಒಂದು ಹಕ್ಕಿ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. 1930ರ ದಶಕದ ಆದಿಯಲ್ಲಿ ಈ ಮೂರು ಹಕ್ಕಿಗಳ ಸುತ್ತ ಬೆಳ್ಳಿಯ ಮಾಲೆಯನ್ನು ಸೇರಿಸಿ ಉನ್ನತ ತರಗತಿಯೊಂದನ್ನು ಏರ್ಪಡಿಸಿದರು. ಮೊದಲನೆಯ ಬೆಳ್ಳಿಯ ಬಿಲ್ಲೆಯು ವೋಲ್ಫ್ ಹಿರ್ಟ್ ಎಂಬವನಿಗೆ ಸಂದಿತು. ಈತನು ಮೋಟಾರು ಸೈಕಲ್ಲಿನ ಅಪಘಾತದಲ್ಲಿ ಒಂದು ಕಾಲನ್ನು ಕಳೆದುಕೊಂಡು, ಕೃತಕ ಕಾಲಿನಿಂದಲೇ ಗ್ಲೈಡರನ್ನು ನಡೆಸುತ್ತಿದ್ದನೆಂಬುದು ಸ್ಮರಣೀಯ.

1905ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ವೈಮಾನಿಕ ಮಹಾಸಂಘವು ಇಂದು ಈ ಬಿಲ್ಲೆಗಳ ನಿಯಮಗಳನ್ನು ನೋಡಿಕೊಳ್ಳುತ್ತದೆ. ಬೆಳ್ಳಿಯ ಬಿಲ್ಲೆಗೆ ಪರೀಕ್ಷೆಗಳು ಮೂರು: ಕೆಳಗಿಳಿಯದೆ 5 ಗಂಟೆ ಹಾರುವುದು, ಹಗ್ಗ ಬಿಟ್ಟ ಮೇಲೆ ತಗ್ಗಿನ ಒಂದು ಸ್ಥಾನದಿಂದ 1000 ಮೀಟರು ಏರುವುದು, 50 ಕಿಲೋಮೀಟರು ದೂರ ಹೋಗುವುದು. ಮೂರನ್ನೂ ಒಬ್ಬನೇ ಕುಳಿತು ಸಾಧಿಸಬೇಕು.

ಐವತ್ತು ಕಿಲೋಮೀಟರೇನು ಮಹಾ ದೂರವೆಂದು ವಾಚಕರು ಕೇಳಬಹುದು. ಈಗಿನ ಒಳ್ಳೆಯ ಗ್ಲೈಡರು 1 ಕಿಲೋಮೀಟರು ಎತ್ತರದಿಂದ ನಿಶ್ಚಲವಾದ ಗಾಳಿಯಲ್ಲಿ 40 ಕಿಲೋಮೀಟರು ಜಾರಿಹೋಗಬಲ್ಲದು. ಬೇಕಾದಷ್ಟು ಎತ್ತರಕ್ಕೆ ಎಳೆಯಿಸಿಕೊಂಡು ಸುಮ್ಮನೆ ಜಾರಿದರೆ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ? ಇದಕ್ಕಾಗಿಯೇ ನಿಯಮವೊಂದಿದೆ. ಹೊರಟ ಎತ್ತರವು ಮುಗಿಸಿದ ಎತ್ತರಕ್ಕಿಂತ ಹಾರಿದ ದೂರದ ನೂರರಲ್ಲಿ ಒಂದು ಪಾಲಿಗಿಂತ ಹೆಚ್ಚಾಗಿರಕೂಡದು; 50 ಕಿಲೋಮೀಟರಿಗೆ 500 ಮೀಟರು ಮಾತ್ರ. ಆ ಅರ್ಧ ಕಿಲೋಮೀಟರು ಎತ್ತರವು ಹೆಚ್ಚೆಂದರೆ 20 ಕಿಲೋಮೀಟರು ಸಾಗಿಸೀತು. ಮಿಕ್ಕ 30 ಕಿಲೋಮೀಟರನ್ನು ಗಾಳಿಯಿಂದಲೇ ಸಂಪಾದಿಸಬೇಕು. ಹತ್ತಿಯ ರಾಶಿಯಂಥ ಬಿಳಿಮೋಡವನ್ನು ಗುರಿಯಾಗಿಟ್ಟು, ಏರಿಳಿತವನ್ನು ತೋರಿಸುವ ಮುಳ್ಳನ್ನು ನೋಡುತ್ತ, ಗಾಳಿಯ ಕಂಬವನ್ನು ಹುಡುಕಿ ಹಿಡಿಯಬೇಕು. ಸೆಕೆಂಡಿಗೆ 2 ಮೀಟರಿನಂತೆ ಏರಿದರೂ 1000 ಮೀಟರು ಗಳಿಸಲು ಎಂಟು ನಿಮಿಷಗಳಿಗೂ ಮೀರಿ ಸುತ್ತಬೇಕಾಗುವುದು.

ಕಂಬವು ಸಿಕ್ಕದಿದ್ದರೆ? ಬಿಲ್ಲೆಯ ನಿಜವಾದ ಪರೀಕ್ಷೆಯು ಇಲ್ಲಿಯೇ ಇದೆ. ಎಂಜಿನಿಲ್ಲದುದರಿಂದ ಇಳಿಯುವುದನ್ನು ಮುಂದಕ್ಕೆ ಹಾಕಲಾಗದು. ಎತ್ತರವು ಕೈಬಿಡುವ ಮೊದಲೇ ಯಾರೋ ಒಬ್ಬ ರೈತನ ಹೊಲವನ್ನು ಆರಿಸಿಕೊಳ್ಳಬೇಕು. ಅದರ ಉದ್ದವೆಷ್ಟು, ಇಳಿಜಾರು ಯಾವ ಕಡೆ, ಗಾಳಿ ಎತ್ತಣದು, ತಂತಿಗಳಿವೆಯೆ, ದನಗಳು ಮೇಯುತ್ತಿವೆಯೆ, ಪೈರು ಎಷ್ಟು ಬೆಳೆದಿದೆ, ಇವೆಲ್ಲವನ್ನೂ ಮೇಲಿನಿಂದಲೇ ನಿಶ್ಚಯಿಸಬೇಕು. ಇನ್ನು ಹತ್ತೇ ಕಿಲೋಮೀಟರು ಉಳಿದಿದೆಯೆಂಬ ಆಸೆಯಿಂದ ಮುಂದುವರಿದು, ಹೊಲವೂ ಎತ್ತರವೂ ಎರಡೂ ಇಲ್ಲದಂತಾಗಿ ಪ್ರಾಣ ನೀಗಿದವರುಂಟು. ಆದುದರಿಂದ ಗುರುಗಳು ಶಿಷ್ಯನಿಗೆ ಏರುವುದಕ್ಕಿಂತ ಮೊದಲು ಬಿಟ್ಟುಕೊಡುವುದನ್ನು ಕಲಿಸುವರು. ಹೊಲದಲ್ಲಿ ಇಳಿದವನು ಒಡೆಯನಲ್ಲಿ ವಿನಯದಿಂದ ಮಾತನಾಡಿ, ಗೆಳೆಯರು ಗಾಡಿಯೊಡನೆ ಬಂದು ಗ್ಲೈಡರನ್ನು ಬಿಚ್ಚಿ ಸಾಗಿಸುವವರೆಗೆ ಕಾಯುವನು. ಇದರಲ್ಲಿ ಅಪಮಾನವಿಲ್ಲ, ಮತ್ತೊಂದು ದಿನ ಹೊರಡಬಹುದು.

ಐದು ಗಂಟೆಯ ಪರೀಕ್ಷೆಯ ಹಿಂದೆಯೂ ಒಂದು ನೀತಿಯಿದೆ. ಹೆಚ್ಚುಹೊತ್ತು ಹಾರಿದವನೇ ಹೆಚ್ಚಿನವನೆಂಬ ಭಾವನೆ ಹಿಂದೆ ಪ್ರಬಲವಾಗಿತ್ತು. 1952ರಲ್ಲಿ ಫ್ರಾನ್ಸಿನ ಷಾರ್ಲ್ ಅಟ್ಜೇ ಎಂಬವನು ಒಬ್ಬನೇ 56 ಗಂಟೆ 15 ನಿಮಿಷ ಹಾರಿದನು. ಇಂಥ ದಾಖಲೆಗಳನ್ನು ಬೆನ್ನಟ್ಟಿದವರು ನಿದ್ರೆಗೆ ವಶರಾಗಿ ಬೆಟ್ಟಕ್ಕೆ ಬಡಿದು ಸಾಯಲು, ಮಹಾಸಂಘವು ಕಾಲಾವಧಿಯ ದಾಖಲೆಗಳನ್ನು ಮನ್ನಿಸುವುದನ್ನೇ ನಿಲ್ಲಿಸಿತು. ತಾಳ್ಮೆಯನ್ನು ಪರೀಕ್ಷಿಸಲು 5 ಗಂಟೆಯೇ ಸಾಕು. ಅದರಾಚೆಗಿನದು ಸಾಹಸವಲ್ಲ, ಹಟ.

ಹಾರಿದೆನೆಂದು ಹೇಳಿದರೆ ನಂಬುವವರಾರು? ಹಿಂದೆ ಮಸಿ ಹಿಡಿಸಿದ ಉರುಳೆಯ ಮೇಲೆ ಸೂಜಿಯಿಂದ ಗೆರೆ ಎಳೆಯುವ ಉಪಕರಣವನ್ನು ಮುದ್ರೆಯೊತ್ತಿ ಗ್ಲೈಡರಿನಲ್ಲಿಡುತ್ತಿದ್ದರು. ಎತ್ತರದ ಕಥೆಯನ್ನೆಲ್ಲ ಆ ಗೆರೆಯೇ ಹೇಳುತ್ತಿತ್ತು. ಈಗ ಉಪಗ್ರಹಗಳ ಸಂಕೇತವನ್ನು ಹಿಡಿದು ದಾರಿಯನ್ನೂ ಎತ್ತರವನ್ನೂ ಬರೆದಿಡುವ ಯಂತ್ರವು ಬಂದಿದೆ. ಆದರೂ ಸಂಘದಿಂದ ನಿಯಮಿತನಾದ ಸಾಕ್ಷಿಯೊಬ್ಬನು ಎಲ್ಲವನ್ನೂ ಪರಿಶೀಲಿಸಿ ರುಜು ಹಾಕಬೇಕು. ತಾನೇ ಹಾರಿದುದಕ್ಕೆ ತಾನೇ ಸಾಕ್ಷಿಯಾಗುವಂತಿಲ್ಲ.

ಬೆಳ್ಳಿಯ ಮೇಲೆ ಚಿನ್ನ. ಅದಕ್ಕೆ 300 ಕಿಲೋಮೀಟರು ದೂರವೂ 3000 ಮೀಟರಿನ ಏರಿಕೆಯೂ ಬೇಕು. ಅನಂತರ ಬಿಲ್ಲೆಯಲ್ಲಿ ಕೂಡಿಸುವ ವಜ್ರಗಳು ಮೂರು: ಮೊದಲೇ ಸಾರಿದ ಗುರಿಗೆ 300 ಕಿಲೋಮೀಟರು, 500 ಕಿಲೋಮೀಟರಿನ ದೂರ, 5000 ಮೀಟರಿನ ಏರಿಕೆ. ಕೊನೆಯದಕ್ಕೆ ಬಿಸಿಗಾಳಿಯ ಕಂಬವು ಸಾಮಾನ್ಯವಾಗಿ ಸಾಲದು. ಹೊಳೆಯ ನೀರು ಬಂಡೆಯನ್ನು ದಾಟಿದ ಮೇಲೆ ಅಲೆಯಾಗುವಂತೆ, ಬಲವಾದ ಗಾಳಿಯು ಪರ್ವತವನ್ನು ದಾಟಿದ ಮೇಲೆ ಅಲೆಯಾಗುವುದು. 1933ರಲ್ಲಿ ಹಿರ್ಟ್ ಮೊದಲಾದವರು ಕಂಡುಕೊಂಡ ಈ ಅಲೆಯೇ ಅಲ್ಲಿ ಏಣಿ. ಅಷ್ಟು ಎತ್ತರದಲ್ಲಿ ಪ್ರಾಣವಾಯುವಿನ ಬುದ್ದಲಿಯಿಲ್ಲದೆ ಮತಿಗೆಡುವುದು. ಮೂರು ವಜ್ರಗಳನ್ನೂ ಜಗತ್ತಿನಲ್ಲಿ ಮೊದಲು ಗಳಿಸಿದವನು ಅಮೆರಿಕದ ಜಾನ್ ರಾಬಿನ್ಸನ್, ಅದು 1950ರಲ್ಲಿ.

ಈ ಬಿಲ್ಲೆಯನ್ನು ಮಾರಿದರೆ ಹೆಚ್ಚಿನ ಬೆಲೆ ಬಾರದು. ಇದರಿಂದ ಉದ್ಯೋಗವೂ ದೊರೆಯದು. ಆದರೂ ಅದನ್ನು ಧರಿಸಿದವನ ವಿಷಯದಲ್ಲಿ ಕೆಲವು ಸಂಗತಿಗಳನ್ನು ನಿಸ್ಸಂದೇಹವಾಗಿ ಹೇಳಬಹುದು. ಆತನು ಕಣ್ಣಿಗೆ ಕಾಣದುದನ್ನು ತಾಳ್ಮೆಯಿಂದ ಹುಡುಕಿದ್ದಾನೆ. ನೆಲದ ಮೇಲಿನವರ ಶ್ರಮದಿಂದ ಮೇಲೇರಿ, ಮರುದಿನ ಇನ್ನೊಬ್ಬನ ರೆಕ್ಕೆಯನ್ನು ಹಿಡಿದು ಓಡಿದ್ದಾನೆ. ತನ್ನ ಮಾತನ್ನು ಇನ್ನೊಬ್ಬರ ಪರೀಕ್ಷೆಗೆ ಒಪ್ಪಿಸಿದ್ದಾನೆ. ಇವು ಆಕಾಶದಲ್ಲಿ ಮಾತ್ರವಲ್ಲ, ಮನೆಯಲ್ಲಿಯೂ ಬೇಕಾದ ಗುಣಗಳೇ ಸರಿ.