ಕೋವಾಡದ ಕೋಟೆಗಳಿಗೆ ಹೊರಡುವ ಮುನ್ನ

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದೇ ದಿನ ಬೆಳಗಾವಿ ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂದರೂ ಚಂದಗಡ ತಾಲೂಕು ಮಾತ್ರ ಮುಂಬಯಿ ರಾಜ್ಯದಲ್ಲೇ ಉಳಿದು ಕೊಲ್ಲಾಪುರ ಜಿಲ್ಲೆಯ ಪಾಲಾಯಿತು. ಆ ತಾಲೂಕಿನಲ್ಲಿ ತಾಮ್ರಪರ್ಣಿ ನದಿಯ ದಂಡೆಯ ಮೇಲಿರುವ ಊರು ಕೋವಾಡ. ಮರಾಠಿಯ ಹೆಸರಾಂತ ಕಾದಂಬರಿಕಾರ ರಣಜಿತ್ ದೇಸಾಯಿ (1928-1992) ಹುಟ್ಟಿದ್ದು ಇಲ್ಲಿಯೇ. ಚಂದಗಡದ ಹೆಚ್ಚಿನವರ ಮನೆಮಾತು ಮರಾಠಿ. ಪೂರ್ವಕ್ಕೆ ಗಡಹಿಂಗ್ಲಜದ ಕಡೆ ಸಾಗಿದಂತೆ ಸಂತೆಯಲ್ಲಿಯೂ ಬಸ್ಸಿನಲ್ಲಿಯೂ ಕನ್ನಡ ಕಿವಿಗೆ ಬೀಳುತ್ತದೆ. ಎರಡು ಭಾಷೆಗಳ ನಡುವೆ ಬಾಳುವುದು ನಮಗೆ ಹೊಸತಲ್ಲವಾದ್ದರಿಂದ ಆ ಊರುಗಳು ನಮಗೆ ಪರಕೀಯವೆನಿಸಲಾರವು.

ಕೋವಾಡವನ್ನು ಬೀಡಾಗಿಟ್ಟುಕೊಂಡರೆ ಸುತ್ತಲೂ ಕೋಟೆಗಳೇ. ಮಹಿಪಾಲಗಡ, ಗಂಧರ್ವಗಡ, ಕಲಾನಂದಿಗಡ, ಸಹ್ಯಾದ್ರಿಯ ಅಂಚಿಗೆ ಪಾರಗಡ, ಗಡಹಿಂಗ್ಲಜದ ಕಡೆಗೆ ಸಾಮಾನಗಡ. ದಾರಿಯಲ್ಲಿ ಸಿಗುವ ನೇಸರಿಯ ಕಣಿವೆಯಲ್ಲಿ ಶಿವಾಜಿಯ ಸೇನಾಪತಿ ಪ್ರತಾಪರಾವ್ ಗುಜರ್ ಆರು ಮಂದಿ ಸವಾರರೊಡನೆ ಬಹಲೋಲ್ ಖಾನನ ಸೈನ್ಯದ ಮೇಲೆ ಬಿದ್ದು ಮಡಿದದ್ದು 1674ರಲ್ಲಿ. ಪಾರಗಡವನ್ನು ತಾನಾಜಿ ಮಾಲುಸರೆಯ ಮಗ ರಾಯಬಾನ ವಶಕ್ಕೆ ಕೊಡಲಾಗಿತ್ತೆಂಬುದು ಪ್ರತೀತಿ. ಆ ಕೋಟೆಯ ಮೇಲೆ ಈಗಲೂ ಜನವಸತಿ ಇದೆ. ನಮ್ಮ ಪೊಸಡಿಗುಂಪೆಯನ್ನೋ ರಾಣಿಪುರವನ್ನೋ ಏದುಸಿರಿಲ್ಲದೆ ಹತ್ತಿದವರಿಗೆ ಇವಾವುವೂ ಕಷ್ಟದ ಬೆಟ್ಟಗಳಲ್ಲ. ಅಪಾಯವಿರುವುದು ಬೆಟ್ಟದ ಎತ್ತರದಲ್ಲಲ್ಲ, ಸಣ್ಣ ವಿಷಯಗಳನ್ನು ಕಡೆಗಣಿಸುವುದರಲ್ಲಿ. ರಜೆಯಲ್ಲಿ ಬೆನ್ನುಚೀಲ ಏರಿಸಿ ಹೊರಡುವ ತರುಣರಿಗೂ, ಅವರನ್ನು ಕಳುಹಿಸಿಕೊಟ್ಟು ಮನೆಯಲ್ಲಿ ಕಾಯುವ ತಂದೆತಾಯಂದಿರಿಗೂ ಉಪಯೋಗವಾಗಲೆಂದು ಕೆಲವು ಮಾತುಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಯಾವ ಕಾಲ ಒಳ್ಳೆಯದು?

ಚಂದಗಡದ ಪಶ್ಚಿಮ ಭಾಗದ ಮಳೆ ನಮ್ಮ ಆಟಿಯ ಮಳೆಗೆ ಏನೂ ಕಡಿಮೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿ ಹಿಡಿದ ಕಲ್ಲುಮೆಟ್ಟಿಲು, ಮಂಜು, ತುಂಬಿ ಹರಿಯುವ ಹಳ್ಳ ಮೂರೂ ಒಟ್ಟಿಗೆ ಎದುರಾಗುತ್ತವೆ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ತಾಮ್ರಪರ್ಣಿಯ ನೀರು ಕೋವಾಡದ ಪೇಟೆಗೂ ನುಗ್ಗಿತ್ತು. ನೀರು ಹರಿಯುತ್ತಿರುವ ಮುಳುಗು ಸೇತುವೆಯನ್ನು ‘ಮೊಣಕಾಲಿನಷ್ಟೇ ಇದೆ’ ಎಂದು ದಾಟಲು ಹೋಗಬಾರದು. ಹರಿಯುವ ನೀರು ಮೊಣಕಾಲು ಮಟ್ಟಕ್ಕೆ ಬಂದರೇ ಆಳನ್ನು ಕೆಡಹಬಲ್ಲುದು.

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ನಡೆಯಲು ಹಿತವಾದ ಕಾಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲಿನ ಜೊತೆಗೆ ಮಧ್ಯಾಹ್ನದ ಗುಡುಗು ಮಳೆಯ ಭಯವಿದೆ. ಸುತ್ತಲಿನ ಬಯಲಿಗೆಲ್ಲ ಕೋಟೆಯೇ ಎತ್ತರದ ಜಾಗವಾದುದರಿಂದ ಸಿಡಿಲು ಅಲ್ಲಿಗೇ ಎರಗುವುದು ಹೆಚ್ಚು. ಗುಡುಗು ಕೇಳಿಸಿದೊಡನೆ ನೆತ್ತಿ ಬಿಟ್ಟು ಕೆಳಗಿಳಿಯಬೇಕು. ಒಂಟಿ ಮರದ ಅಡಿಯಲ್ಲಿ ನಿಲ್ಲಬಾರದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲಷ್ಟೇ ಮುಂದುವರಿಯಬೇಕು.

ಕಾಲಿಗೆ, ಮೈಗೆ, ಬೆನ್ನಿಗೆ

ಕೊಲ್ಲಾಪುರಕ್ಕೆ ಹೋದವರೆಲ್ಲ ಒಂದು ಜೊತೆ ಚಪ್ಪಲಿ ಕೊಳ್ಳುವುದುಂಟು. ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಜಂಟಿಯಾಗಿ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಚಪ್ಪಲಿ ಅದು. ಸಂತೆಗೆ, ಮದುವೆಗೆ ಅದಕ್ಕೆ ಸಾಟಿಯಿಲ್ಲ. ಆದರೆ ಒದ್ದೆ ಕಲ್ಲಿನ ಮೇಲೆ ಅದರ ತೊಗಲಿನ ಅಟ್ಟೆ ಜಾರುತ್ತದೆ. ಬೆಟ್ಟಕ್ಕೆ ಬೇಕಾದುದು ಅಡಿಯಲ್ಲಿ ಆಳವಾದ ಗೀರುಗಳಿರುವ, ಹಿಮ್ಮಡಿಯನ್ನು ಭದ್ರವಾಗಿ ಹಿಡಿಯುವ ಬೂಟು. ಹೊಸ ಬೂಟನ್ನು ಹೊರಡುವ ದಿನವೇ ಹಾಕುವುದು ಕಾಲಿಗೆ ಗುಳ್ಳೆ ತಂದುಕೊಂಡಂತೆ. ಎರಡು ವಾರ ಮನೆಯ ಆಸುಪಾಸು ಹಾಕಿ ನಡೆದು ಪಳಗಿಸಬೇಕು. ಕಾಲುಗುರು ಕತ್ತರಿಸಿಕೊಂಡಿರಬೇಕು, ಇಲ್ಲವಾದರೆ ಇಳಿಯುವಾಗ ಬೂಟಿನ ಮುಂಭಾಗಕ್ಕೆ ಒತ್ತಿ ಉಗುರು ಕಪ್ಪಾಗುತ್ತದೆ. ಕಾಲಿನಲ್ಲಿ ಎಲ್ಲಾದರೂ ಉರಿ ತೋರಿದರೆ ಅಲ್ಲಿಯೇ ನಿಂತು ಅಂಟುಪಟ್ಟಿ ಹಾಕಬೇಕು. ಗುಳ್ಳೆಯಾದ ಮೇಲೆ ಅದನ್ನು ಒಡೆಯಬಾರದು.

ಇದೇ ಜಿಲ್ಲೆಯ ಇಚಲಕರಂಜಿ ಹತ್ತಿಬಟ್ಟೆಯ ಮಗ್ಗಗಳಿಗೆ ಹೆಸರಾದ ಪಟ್ಟಣ. ಬೇಸಿಗೆಯಲ್ಲಿ ಹತ್ತಿಗಿಂತ ಹಿತವಾದುದಿಲ್ಲ. ಆದರೆ ಬೆವರಿನಲ್ಲಿಯೋ ಮಳೆಯಲ್ಲಿಯೋ ಒದ್ದೆಯಾದ ಹತ್ತಿ ಬೇಗ ಒಣಗದು. ಗಾಳಿ ಬೀಸುವ ಬುರುಜಿನ ಮೇಲೆ ಮೈಯ ಶಾಖವನ್ನು ಹೀರಿಬಿಡುತ್ತದೆ. ಆದುದರಿಂದ ಬೇಗ ಒಣಗುವ ಬಟ್ಟೆ ತೊಟ್ಟು, ಒಂದು ಒಣ ಅಂಗಿಯನ್ನೂ ಕಾಲುಚೀಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುಕೊಳ್ಳಬೇಕು. ತೋಳು ತುಂಬ ಅಂಗಿ, ಕಾಲು ತುಂಬ ಪ್ಯಾಂಟು ಕಡ್ಡಾಯ. ಅದರ ಕಾರಣವನ್ನು ಮುಂದೆ ಹೇಳುತ್ತೇವೆ.

ಒಂದು ದಿನದ ನಡಿಗೆಗೆ ಚೀಲದ ಭಾರ ಐದು ಕಿಲೋ ಮೀರುವ ಅಗತ್ಯವಿಲ್ಲ. ನೀರು, ಬುತ್ತಿ, ಮಳೆಯಂಗಿ, ಟಾರ್ಚು, ಸೀಟಿ, ಬೆಂಕಿಪೆಟ್ಟಿಗೆ, ಚಿಕ್ಕ ಚಿಮಟ, ಸಾಬೂನು, ಅಂಟುಪಟ್ಟಿ, ಅಗಲವಾದ ಬಟ್ಟೆಪಟ್ಟಿ, ಪ್ಯಾರಾಸಿಟಮಾಲ್, ನಿತ್ಯ ಸೇವಿಸುವ ಔಷಧ. ಇಷ್ಟಿದ್ದರೆ ಸಾಕು. ಮೊಬೈಲಿನ ನಕ್ಷೆಯನ್ನೇ ನಂಬಬಾರದು. ಘಟ್ಟದಂಚಿನಲ್ಲಿ ಸಂಪರ್ಕವೂ ಕಡಿಯುತ್ತದೆ, ಬ್ಯಾಟರಿಯೂ ಮುಗಿಯುತ್ತದೆ. ದಾರಿಯ ಊರುಗಳ ಹೆಸರನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಹಳೆಯ ಪದ್ಧತಿಯಾದರೂ ಕೈಕೊಡದು.

ನೀರು, ಬುತ್ತಿ, ನಡಿಗೆ

ಕೋಟೆಗಳ ಮೇಲೆ ಬಾವಿಗಳಿವೆ. ಸಾಮಾನಗಡದಲ್ಲಂತೂ ಬಂಡೆ ಕಡಿದು ಮಾಡಿದ ಬಾವಿಗಳು ನೋಡತಕ್ಕವು. ಆದರೆ ಆ ನೀರನ್ನು ಕುದಿಸದೆ ಕುಡಿಯಬಾರದು. ಆಳಿಗೆ ಮೂರು ಲೀಟರ್ ನೀರು ಹೊತ್ತೇ ಹೊರಡಬೇಕು. ಬಾಯಾರುವ ತನಕ ಕಾಯದೆ ಆಗಾಗ ಎರಡೆರಡು ಗುಟುಕು ಕುಡಿಯಬೇಕು. ವಾಂತಿ, ಭೇದಿ ಆದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಸಬೇಕು. ಇಲ್ಲಿ ಚಮಚವೆಂದರೆ ಚಹಾದ ಸಣ್ಣ ಚಮಚ, ತುದಿ ಮಟ್ಟವಾಗಿ ತುಂಬಿದ್ದು. ಬುತ್ತಿಗೆ ಆ ಸೀಮೆಯಲ್ಲೇ ಸಿಗುವ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕೊಲ್ಲಾಪುರದ ಬೆಲ್ಲ ಉತ್ತಮ. ಬೇಗ ಹಳಸುವುದಿಲ್ಲ, ಹೊಟ್ಟೆಯಲ್ಲಿ ನಿಲ್ಲುತ್ತದೆ.

ನಾಲ್ವರಿಗಿಂತ ಕಡಿಮೆ ಜನ ಹೋಗಬಾರದು. ಒಬ್ಬನಿಗೆ ಪೆಟ್ಟಾದರೆ ಒಬ್ಬ ಜೊತೆಗೆ ಕೂರಲು, ಇಬ್ಬರು ಸಹಾಯ ತರಲು ಬೇಕು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಯೇ ತಂಡದ ಹೆಜ್ಜೆಯಾಗಬೇಕು. ನೆತ್ತಿ ತಲುಪಿದರೂ ತಲುಪದಿದ್ದರೂ ಮಧ್ಯಾಹ್ನ ಎರಡು ಗಂಟೆಗೆ ಹಿಂದಿರುಗತಕ್ಕದ್ದು. ದಾರಿ ತಪ್ಪಿದೆಯೆಂದು ಅನಿಸಿದರೆ ಕಣಿವೆಗೆ ಇಳಿಯದೆ ಇದ್ದಲ್ಲಿಯೇ ನಿಂತು ಮೂರು ಮೂರು ಸಲ ಸೀಟಿ ಊದಬೇಕು. 2002ರಿಂದೀಚೆಗೆ ಕರ್ನಾಟಕದ ಕಾಡಿನಿಂದ ಬಂದ ಆನೆಗಳು ದೋಡಾಮಾರ್ಗ, ಚಂದಗಡ, ಆಜರಾ ಕಡೆ ಓಡಾಡುತ್ತಿವೆ. ದೇಲಂಪಾಡಿ, ಕಾರಡ್ಕದವರಿಗೆ ಆನೆಯ ವಿಷಯ ಹೇಳಬೇಕಾಗಿಲ್ಲ. ಬೆಳಕು ಹರಿಯುವ ಮೊದಲು ಹೊರಡಬಾರದು, ಊರವರನ್ನು ಕೇಳದೆ ಕಾಡು ಹೊಗಬಾರದು.

ಹಾವು, ಚೇಳು, ಹೆಜ್ಜೇನು

ಹಾವು ಕಡಿದರೆ ಕೊಯ್ಯುವುದು, ಚೀಪುವುದು, ಹಗ್ಗ ಬಿಗಿಯುವುದು ಯಾವುದೂ ಕೂಡದು. ಉಂಗುರ, ಬಳೆ, ಬೂಟು ಕಳಚಬೇಕು. ಮೂಳೆ ಮುರಿದಾಗ ಕಟ್ಟುವಂತೆ ಕೋಲು ಕೊಟ್ಟು ಕೈಯನ್ನೋ ಕಾಲನ್ನೋ ಅಲುಗದಂತೆ ಕಟ್ಟಿ, ನಡೆಸದೆ ಹೊತ್ತೊಯ್ಯಬೇಕು. ಹಾವನ್ನು ಹುಡುಕಿ ಕೊಲ್ಲುವ ಹೊತ್ತು ವ್ಯರ್ಥ. ನಾಗರಹಾವು, ಕಡಂಬಳ, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಕೊಡುವ ಪ್ರತಿವಿಷ ಒಂದೇ. ಕಡಿದ ಗಂಟೆಯನ್ನು ಬರೆದಿಟ್ಟುಕೊಂಡರೆ ವೈದ್ಯರಿಗೆ ಸಹಾಯ. 108ರ ಆಂಬುಲೆನ್ಸ್ ಕೇರಳ, ಕರ್ನಾಟಕ, ಮಹಾರಾಷ್ಟ್ರ ಮೂರರಲ್ಲಿಯೂ ಇದೆ.

ಕೋಟೆಯ ಬಿದ್ದ ಗೋಡೆಯ ಕಲ್ಲುಗಳನ್ನು ಬರಿಗೈಯಲ್ಲಿ ಎತ್ತಬಾರದು. ಕೆಂಪು ಚೇಳಿನ ವಿಷ ಹೃದಯಕ್ಕೆ ಏರುವಂಥದು. ಕೊಂಕಣದಲ್ಲಿ ಅದಕ್ಕೆ ಬಲಿಯಾದ ಮಕ್ಕಳು ಬಹಳ. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಜೋಸಿನ್ ಎಂಬ ಮಾತ್ರೆಯಿಂದ ಅವರನ್ನು ಉಳಿಸಬಹುದೆಂದು ತೋರಿಸಿಕೊಟ್ಟವರು ರಾಯಗಡ ಜಿಲ್ಲೆಯ ಮಹಾಡಿನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚೇಳು ಕಡಿದವರಿಗೆ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಬುರುಜಿನ ಕೆಳಗೆ ಹೆಜ್ಜೇನು ಕಂಡರೆ ಹೊಗೆ, ಗದ್ದಲ, ಅತ್ತರು ಮೂರನ್ನೂ ದೂರವಿಡಬೇಕು. ಎದ್ದುಬಿಟ್ಟರೆ ಮುಖ ಮುಚ್ಚಿಕೊಂಡು ಓಡುವುದೇ ದಾರಿ.

ಉಣ್ಣಿಯೆಂಬ ಸಣ್ಣ ಶತ್ರು

ಹಾವಿಗೆ ಹೆದರುವ ನಾವು ಎಳ್ಳಿಗಿಂತ ಸಣ್ಣ ಉಣ್ಣಿಗೆ ಹೆದರುವುದಿಲ್ಲ. ಪಾರಗಡದಿಂದ ಕೆಳಗೆ ನೋಡಿದರೆ ಕಾಣುವುದು ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗ ತಾಲೂಕು. ಅಲ್ಲಿ 2016ರಲ್ಲಿ ಮಂಗನ ಕಾಯಿಲೆ ಹಬ್ಬಿತ್ತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ 1980ರ ದಶಕದ ಮೊದಲಲ್ಲಿ ನಮ್ಮ ನೆರೆಯ ಬೆಳ್ತಂಗಡಿಯಲ್ಲಿ ಅನೇಕ ಜೀವಗಳನ್ನು ತೆಗೆದುಕೊಂಡದ್ದು ಹಿರಿಯರಿಗೆ ನೆನಪಿರಬಹುದು. 2015ರಲ್ಲಿ ವಯನಾಡನ್ನೂ ಅದು ಬಿಡಲಿಲ್ಲ. ಇದರ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಹೆಚ್ಚುಕಡಿಮೆ ಚಾರಣದ ಕಾಲವೇ. ಹಿಂದೆ ಕೊಡುತ್ತಿದ್ದ ಲಸಿಕೆ ಸಾಕಷ್ಟು ಫಲ ಕೊಡದ ಕಾರಣ ಕರ್ನಾಟಕದಲ್ಲಿ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಆದುದರಿಂದ ಉಣ್ಣಿ ಕಚ್ಚದಂತೆ ನೋಡಿಕೊಳ್ಳುವುದೇ ಮದ್ದು.

ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಬೇಕು. ತಿಳಿಬಣ್ಣದ ಬಟ್ಟೆಯಾದರೆ ಉಣ್ಣಿ ಕಣ್ಣಿಗೆ ಬೀಳುತ್ತದೆ. ಉಣ್ಣಿ ಓಡಿಸುವ ತೈಲ ಹಚ್ಚಿಕೊಳ್ಳಬೇಕು. ತರಗೆಲೆಯ ಮೇಲೆ ಕೂರಬಾರದು, ಮಲಗಬಾರದು. ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗದೆ ಊರಿನ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಸಂಜೆ ಇಳಿದೊಡನೆ ಬಿಸಿನೀರು, ಸಾಬೂನಿನಿಂದ ಸ್ನಾನ ಮಾಡಿ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು. ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಬದಿ, ಕಿವಿಯ ಹಿಂದೆ ಹುಡುಕಬೇಕು. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಸೀಮೆಎಣ್ಣೆ ಹಾಕುವುದು, ಬೀಡಿಯಿಂದ ಸುಡುವುದು, ಬೆರಳಲ್ಲಿ ಹಿಸುಕುವುದು ಸಲ್ಲದು. ಮಳೆಗಾಲದ ಉಂಬಳ ರಕ್ತ ಕುಡಿದರೂ ಈ ರೋಗವನ್ನು ತರುವುದಿಲ್ಲ. ಉಪ್ಪು ಹಾಕಿ ಬಿಡಿಸಿ, ಗಾಯ ತೊಳೆದು ಒತ್ತಿ ಹಿಡಿದರೆ ಆಯಿತು.

ಮನೆಗೆ ಬಂದ ಮೇಲಿನ ಜ್ವರ

ಈ ಲೇಖನದಲ್ಲಿ ಬೇರೆಲ್ಲವನ್ನು ಮರೆತರೂ ಇದೊಂದನ್ನು ಮರೆಯಬಾರದೆಂದು ನಮ್ಮ ಪ್ರಾರ್ಥನೆ. ಕಾಡಿನ ರೋಗ ಕಾಡಿನಲ್ಲಿಯೇ ತೋರುವುದಿಲ್ಲ. ಮಂಗನ ಕಾಯಿಲೆ ಉಣ್ಣಿ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಥಟ್ಟನೆ ಏರುವ ಜ್ವರ, ತಲೆನೋವು, ಮೈಕೈ ನೋವಿನಿಂದ ಆರಂಭವಾಗುತ್ತದೆ. ಗಾಯದ ಕಾಲಿನಲ್ಲಿ ಕೆಸರುನೀರು ತುಳಿದವರಿಗೆ ಬರುವ ಇಲಿಜ್ವರಕ್ಕೆ ಸಾಮಾನ್ಯವಾಗಿ ಒಂದೆರಡು ವಾರ. ಪೊದೆಗಳ ಸಣ್ಣ ನುಸಿಯಿಂದ ಬರುವ ಸ್ಕ್ರಬ್ ಟೈಫಸ್‌ಗೆ ಆರರಿಂದ ಇಪ್ಪತ್ತೊಂದು ದಿನ. ಕಚ್ಚಿದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಕಲೆ ಇರಬಹುದು. ಇಷ್ಟು ಹೊತ್ತಿಗೆ ಚಾರಣಿಗ ಮನೆ ಸೇರಿ, ಫೋಟೋಗಳನ್ನು ನೆಂಟರಿಗೆ ತೋರಿಸಿ, ಕೆಲಸಕ್ಕೂ ಹೋಗತೊಡಗಿರುತ್ತಾನೆ. ಕುಂಬಳೆಯ ವೈದ್ಯರಿಗೋ ಮಂಗಳೂರಿನ ವೈದ್ಯರಿಗೋ ಅವನು ಎರಡು ವಾರ ಹಿಂದೆ ಪಾರಗಡದ ತಪ್ಪಲಲ್ಲಿ ನಡೆದಿದ್ದನೆಂದು ಹೇಗೆ ತಿಳಿಯಬೇಕು? ಹೇಳಬೇಕಾದವನು ಅವನೇ. ಇಲಿಜ್ವರಕ್ಕೂ ಸ್ಕ್ರಬ್ ಟೈಫಸ್‌ಗೂ ಸಾಮಾನ್ಯ ಬೆಲೆಯ ಔಷಧಗಳಿವೆ, ಬೇಗ ಕೊಟ್ಟರೆ ಜೀವ ಉಳಿಯುತ್ತದೆ. ಮಂಗನ ಕಾಯಿಲೆಗೆ ನೇರ ಮದ್ದಿಲ್ಲದಿದ್ದರೂ ಆಸ್ಪತ್ರೆಯ ಆರೈಕೆಯಿಂದ ಹೆಚ್ಚಿನವರು ಗುಣವಾಗುತ್ತಾರೆ. ಜ್ವರವೆಂದು ಆಸ್ಪಿರಿನ್, ಐಬುಪ್ರೊಫೇನ್ ನುಂಗಿದರೆ ರಕ್ತಸ್ರಾವ ಹೆಚ್ಚೀತು. ವೈದ್ಯರನ್ನು ಕಾಣುವವರೆಗೆ ಪ್ಯಾರಾಸಿಟಮಾಲ್ ಮಾತ್ರ.

ಇಲ್ಲಿ ಭಾಷೆಯ ಮಾತೂ ಬರುತ್ತದೆ. ಆಸ್ಪತ್ರೆಯ ಚೀಟಿ ಒಂದು ಭಾಷೆಯಲ್ಲಿ, ನೋವು ಇನ್ನೊಂದು ಭಾಷೆಯಲ್ಲಿ ಎಂಬ ಕಷ್ಟ ನಮ್ಮ ಮನೆಗಳ ಅಜ್ಜಿಯಂದಿರಿಗೆ ಚೆನ್ನಾಗಿ ಗೊತ್ತು. ನಮ್ಮ ಮಂಗನ ಕಾಯಿಲೆ ಮಲಯಾಳದಲ್ಲಿ ಕುರಂಗುಪನಿ, ಮರಾಠಿಯಲ್ಲಿ ಮಾಕಡತಾಪ. ಇಲಿಜ್ವರ ಇಲ್ಲಿ ಎಲಿಪ್ಪನಿ. ಉಣ್ಣಿ ಮರಾಠಿಯವರಿಗೆ ಗೋಚಿಡ. ಈ ನಾಲ್ಕು ಮಾತು ತಿಳಿದಿರಲಿ. ಹೊರಡುವ ಮೊದಲು ಒಂದು ಚೀಟಿಯಲ್ಲಿ ಹೆಸರು, ರಕ್ತದ ಗುಂಪು, ಮೈಗೆ ಒಗ್ಗದ ಔಷಧ, ಮನೆಯ ದೂರವಾಣಿ, ನಡೆಯುವ ಊರು ಮತ್ತು ದಿನಾಂಕಗಳನ್ನು ಬರೆದು ಒಂದನ್ನು ಕಿಸೆಯಲ್ಲಿಯೂ ಇನ್ನೊಂದನ್ನು ಮನೆಯಲ್ಲಿಯೂ ಇಡಬೇಕು. ಮನೆಯವರು ಆ ಚೀಟಿಯನ್ನು ಮೂರು ವಾರ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿಡಲಿ. ಅಷ್ಟರೊಳಗೆ ಜ್ವರ ಬಂದರೆ ಅದನ್ನೇ ಹಿಡಿದು ವೈದ್ಯರ ಬಳಿಗೆ ಹೋಗಲಿ. ಬಾರದಿದ್ದರೆ ಕಿತ್ತು ಬಿಸಾಡಿ ಮುಂದಿನ ಬೆಟ್ಟದ ಯೋಚನೆ ಮಾಡಲಿ.