ಬೌಷರಿನ ಮರಳಲ್ಲೊಂದು ಯರ್ಬೂ

ಬೌಷರಿಗೆ ಬಂದು ನಾಲ್ಕು ವರ್ಷ ಆಯ್ತು. ಮಸ್ಕತ್ತಿನ ಕಟ್ಟಡಗಳ ಮಧ್ಯೆ ಸಿಕ್ಕಿಹಾಕಿಕೊಂಡಿರೋ ಇಲ್ಲಿನ ಮರಳುದಿಬ್ಬಗಳನ್ನ ಕಾರಿನ ಕಿಟಕಿಯಿಂದ ನೋಡಿದ್ದೇ ಹೊರತು ಹತ್ತಿರಲಿಲ್ಲ. ಮೊನ್ನೆ ಗುರುವಾರ ರಾತ್ರಿ (ಇಲ್ಲಿ ಶುಕ್ರವಾರ, ಶನಿವಾರ ರಜೆ) ಆಫೀಸಿನ ಒಮಾನಿ ಗೆಳೆಯ ಬಲವಂತವಾಗಿ ಕರ್ಕೊಂಡು ಹೋದ. ಕ್ವಾಡ್ ಬೈಕುಗಳ ಗಲಾಟೆ ಇಲ್ಲದ ಒಂದು ಮೂಲೆ. ಟಾರ್ಚ್ ಬೆಳಕಲ್ಲಿ ಏನೋ ಚಂಗನೆ ನೆಗೆಯಿತು. "ಯರ್ಬೂ!" ಅಂದ.

ಇಂಗ್ಲಿಷಿನ 'ಜರ್ಬೋವಾ' ಬಂದಿದ್ದು ಈ ಅರಬ್ಬಿ ಹೆಸರಿನಿಂದಲೇ. ಮುಷ್ಟಿಗಾತ್ರದ ಮೈ, ಅದಕ್ಕಿಂತ ಉದ್ದದ ಬಾಲ, ಬಾಲದ ತುದಿಗೆ ಕುಚ್ಚು, ಕಾಂಗರೂ ಥರದ ಹಿಂಗಾಲು. ತೂಕ 50-60 ಗ್ರಾಂ ಅಷ್ಟೇ. ನೆಟ್ಟಗೆ ಓಡೋದೇ ಇಲ್ಲ. ಎಡಕ್ಕೆ, ಬಲಕ್ಕೆ, ಮೇಲಕ್ಕೆ... ಬೆನ್ನಟ್ಟಿದ ನರಿಗೆ ಮುಂದಿನ ನೆಗೆತ ಗೊತ್ತಾಗಬಾರದು, ಅಷ್ಟೇ. ನೀರು ಕುಡಿಯೋದು ಇಲ್ಲವೆನ್ನುವಷ್ಟು ಕಮ್ಮಿ. ಬೀಜ, ಬೇರು, ಸೊಪ್ಪಲ್ಲಿ ಸಿಕ್ಕಿದ್ದರಲ್ಲೇ ಸಂಸಾರ. (ನಾನು ದಿನಕ್ಕೆ ನಾಲ್ಕು ಲೀಟರ್ ಕುಡಿದೂ ಮೇ ತಿಂಗಳಲ್ಲಿ ಬಾಡಿ ಹೋಗ್ತೀನಿ!)

ನನಗೆ ನಾಟಿದ್ದು ಅದರ ಬಿಲದ ಕಥೆ. ಹಗಲು ಬಿಲದ ಬಾಯಿಗೆ ಮಣ್ಣು ಮುಚ್ಚಿಕೊಂಡು ತಂಪಲ್ಲಿ ಮಲಗುತ್ತೆ. ಇನ್ನೊಂದು ಕಡೆ ಕಳ್ಳದಾರಿ. ಇನ್ನೇನು ನೆಲಕ್ಕೆ ತೂತು ಬಿತ್ತು ಅನ್ನೋವರೆಗೆ ಕೊರೆದು, ತೆಳ್ಳನೆ ಪದರ ಮಾತ್ರ ಬಿಟ್ಟಿರುತ್ತೆ. ಬಾಗಿಲಿಗೆ ಹಾವು ಬಂತೋ, ಆ ಪದರಕ್ಕೆ ತಲೆ ಗುದ್ದಿ ಪರಾರಿ. ಈ ದಾರಿಗೆ ಅರಬ್ಬಿಯಲ್ಲಿ 'ನಾಫಿಕಾ' ಅಂತಾರೆ. ಒಳಗೊಂದು ಹೊರಗೊಂದು ಇರೋ ಮನುಷ್ಯನಿಗೆ 'ಮುನಾಫಿಕ್' ಅನ್ನೋ ಪದ ಹುಟ್ಟಿದ್ದು ಇದರಿಂದಲೇ ಅನ್ನೋದು ಹಳೇ ಅರಬ್ಬಿ ನಿಘಂಟುಕಾರರ ಮಾತು. ಗೆಳೆಯ ನಗ್ತಾ ಹೇಳಿದ. ನನಗೆ ನಗು ಬರಲಿಲ್ಲ.

ಯಾಕಂದ್ರೆ ನನ್ನದೂ ಒಂದು ನಾಫಿಕಾ ಇದೆ. ಎರಡು ವರ್ಷದಿಂದ ಮೇಲ್‌ನ ಡ್ರಾಫ್ಟ್‌ನಲ್ಲಿ ಕೂತಿರೋ ರಾಜೀನಾಮೆ. ಆಫೀಸಲ್ಲಿ "ಇಲ್ಲೇ ಇರ್ತೀನಿ" ಅಂತೀನಿ. ಮಂಡ್ಯದಲ್ಲಿರೋ ಅಪ್ಪನಿಗೆ "ಮುಂದಿನ ವರ್ಷ ಬಂದ್ಬಿಡ್ತೀನಿ" ಅಂತೀನಿ. ಎರಡೂ ಸುಳ್ಳಲ್ಲ, ಪೂರ್ತಿ ನಿಜಾನೂ ಅಲ್ಲ.

ಚಿಕ್ಕವನಿದ್ದಾಗ ಗದ್ದೆ ಬದುವಿನ ಇಲಿಬಿಲಕ್ಕೆ ಹೊಗೆ ಹಾಕೋವಾಗ ಅಪ್ಪ ನನ್ನನ್ನ ಹಿಂದಿನ ತೂತಿಗೆ ಕಾವಲು ಕೂರಿಸೋರು. ನಾನು ಕೋಲು ಹಿಡಿದು ಉಸಿರು ಬಿಗಿಹಿಡಿದು ಕೂತಿದ್ರೆ, ಇಲಿ ಮೂರನೇ ತೂತಿಂದ ಹೋಗಿರೋದು.

ಶುಕ್ರವಾರ ಫೋನಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ, ಡ್ರಾಫ್ಟ್ ವಿಷಯಾನೂ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಇಲಿ ಭತ್ತ ತಿಂತದಾ ಮಗ?" ಅಂದ್ರು.

"ಇಲ್ಲಿ ಭತ್ತ ಎಲ್ಲಪ್ಪಾ?"

"ಹಂಗಾರೆ ಅದರ ಪಾಡಿಗೆ ಬುಡ್ಲಾ."

ಕಾಂಟ್ರಾಕ್ಟ್ ನವೀಕರಣದ ಕಾಗದಕ್ಕೆ ಭಾನುವಾರ ಸಹಿ ಹಾಕಬೇಕಿತ್ತು. ಇವತ್ತು ಮಂಗಳವಾರ, ಇನ್ನೂ ಹಾಕಿಲ್ಲ.